ಕೊನೆಯ ಪುಟದಿಂದ ಓದುತ್ತಿದ್ದ ಕಾಕಾ

ಕಾಕಾನ ಬಲಗೈ ತೋರುಬೆರಳಿಗೆ ಸದಾ ಒಂದು ಹಸಿರು ರಬ್ಬರಿನ ಟೊಪ್ಪಿ ಇರುತ್ತಿತ್ತು. ಕಚೇರಿಗಳಲ್ಲಿ ಕಾಗದ ಎಣಿಸುವವರು ಹಾಕಿಕೊಳ್ಳುತ್ತಾರಲ್ಲ, ಮೈತುಂಬ ಸಣ್ಣ ಗುಳ್ಳೆಗಳಿರುವಂಥದ್ದು. ನಿವೃತ್ತರಾಗಿ ವರ್ಷಗಳೇ ಕಳೆದಿದ್ದರೂ ಅದನ್ನು ಬಿಟ್ಟಿರಲಿಲ್ಲ. ಪೇಪರ್ ಓದಲಿಕ್ಕೂ ಅದೇ, ಬಿಲ್ಡಿಂಗ್ ಸೊಸೈಟಿಯ ನೋಟಿಸು ನೋಡಲಿಕ್ಕೂ ಅದೇ. ತೆಗೆದಾಗ ಬೆರಳ ತುದಿ ನೀರಲ್ಲಿ ನೆನೆದಂತೆ ಬಿಳಿಚಿ ಸುಕ್ಕಾಗಿರುತ್ತಿತ್ತು.

ಮುಂಬಯಿ ಹತ್ತಿರದ ಡೊಂಬಿವಲಿಯಲ್ಲಿ ನಮ್ಮ ಕೆಳಗಿನ ಮನೆಯೇ ಅವರದು. ಧಾರವಾಡದ ಕಡೆಯವರು. ಬೇಲಾಪುರದ ಸರಕಾರಿ ಕಚೇರಿಯೊಂದರ ಕಾಂಟ್ರಾಕ್ಟ್ ವಿಭಾಗದಲ್ಲಿ ಮೂವತ್ತು ವರ್ಷ ಕೂತು ಎದ್ದವರು. ರಕ್ತಸಂಬಂಧವೇನೂ ಇರಲಿಲ್ಲ. ಬಿಜಾಪುರದ ನಮ್ಮಪ್ಪ ಅವರನ್ನು ತಮ್ಮಾ ಎನ್ನುತ್ತಿದ್ದರು, ಹಾಗಾಗಿ ನನಗೆ ಕಾಕಾ, ಅವರ ಹೆಂಡತಿ ಕಾಕು.

ನಾನು ಮತ್ತು ನನ್ನ ಪಾಲುದಾರ ಸೇರಿ ಹೋಟೆಲುಗಳಿಗೆ ಒಂದು ಸಾಫ್ಟ್‌ವೇರ್ ಮಾಡಿದ್ದೆವು. ವೇಟರ್ ತನ್ನ ಫೋನಿನಲ್ಲಿ ಆರ್ಡರ್ ಒತ್ತಿದರೆ ಅಡುಗೆಮನೆಯ ಪರದೆಯಲ್ಲಿ ಬೀಳುತ್ತದೆ, ಬಿಲ್ಲೂ ಆಗುತ್ತದೆ. ಇಷ್ಟೇ. ಇಷ್ಟಕ್ಕೆ ನಾಲ್ಕು ವರ್ಷ ಹೋಗಿತ್ತು. ಸ್ಟಾರ್ಟಪ್ ಎಂದರೆ ಜನ ಏನೇನೋ ಕಲ್ಪಿಸಿಕೊಳ್ಳುತ್ತಾರೆ. ನಮ್ಮದು ನಡುಮನೆಯ ಮೂಲೆಯಲ್ಲಿ ಎರಡು ಲ್ಯಾಪ್‌ಟಾಪು, ನನ್ನ ಹೆಂಡತಿಯ ಸಂಬಳದಲ್ಲಿ ನಡೆಯುವ ಮನೆ. ಕೋಡ್ ಬರೆಯುವುದು ಹೇಗೋ ಬರುತ್ತಿತ್ತು. ಕರಾರು ಓದುವುದು ಮಾತ್ರ ಬರುತ್ತಿರಲಿಲ್ಲ.

ನೆರೂಳದ ಹೋಟೆಲೊಂದರ ಕರಾರುಪತ್ರ ಹಿಡಿದು ಮೊದಲ ಸಲ ಕೆಳಗಿಳಿದೆ. ಕಾಕಾ ಅದನ್ನು ತೆಗೆದುಕೊಂಡವರೇ ಕೊನೆಯ ಪುಟ ತೆರೆದು ಓದತೊಡಗಿದರು.

"ಕಾಕಾ, ಹಿಂದಿನಿಂದ ಓದಾಕತ್ತೀರಲ್ಲ?"

"ಕೂಡೂ ಮಾತು ಮೊದಲನೇ ಪುಟದಾಗ ಇರ್ತಾವ ತಮ್ಮಾ, ಬಿಡೂ ಮಾತು ಕಡೀ ಪುಟದಾಗ. ಜಗಳ ಯಾವಾಗ ಆಗ್ತದ ಹೇಳು?"

ಪೆನ್ಸಿಲು ಒಂದು ಕಡೆ ನಿಂತಿತು. ಕೆಲಸ ತೃಪ್ತಿಕರವಾಗಿ ಮುಗಿದ ಮೇಲೆ ಹಣ ಎಂದು ಬರೆದಿತ್ತು. "ಮುಗೀತು ಅನ್ನಾವ ಯಾರು? ಹೆಸರದ ಏನು? ಎಷ್ಟ ದಿನದಾಗ ಅನಬೇಕು? ಸುಮ್ಮ ಕುಂತ್ರ ಏನಂತ ತಿಳೀಬೇಕು?" ಹದಿನೈದು ದಿನದಲ್ಲಿ ಮ್ಯಾನೇಜರ್ ಲಿಖಿತವಾಗಿ ತಕರಾರು ಹೇಳದಿದ್ದರೆ ಕೆಲಸ ಒಪ್ಪಿದಂತೆಯೇ ಎಂದು ಒಂದು ಸಾಲು ಸೇರಿಸಿದರು. ಹೋಟೆಲಿನವರು ಗೊಣಗಿ ಒಪ್ಪಿದರು. ಆ ವರ್ಷ ಹೇಳಿದ ದಿನಕ್ಕೆ ಸರಿಯಾಗಿ ದುಡ್ಡು ಕೊಟ್ಟವರು ಅವರೊಬ್ಬರೇ.

ಕಾಕಾ ದೇವರಂಥ ಮನುಷ್ಯ ಎಂದರೆ ಸುಳ್ಳಾದೀತು. ಮಹಾ ಪಿರಿಪಿರಿ. ಎರಡು ಪುಟಕ್ಕೆ ನಾಲ್ಕು ಸಂಜೆ ತೆಗೆದುಕೊಳ್ಳುತ್ತಿದ್ದರು. ಅಲ್ಪವಿರಾಮ ತಪ್ಪಿದ್ದರೂ ವಾಪಸು. ನೀರು ಬರುವುದಿಲ್ಲ ಎಂಬ ನೋಟಿಸಿನ ಮರಾಠಿಯನ್ನೂ ತಿದ್ದಿ ಸೆಕ್ರೆಟರಿಯ ಹತ್ತಿರ ಬೈಸಿಕೊಂಡಿದ್ದರು. ಫೀಸು ಕೊಡಲು ಹೋದರೆ ಸಿಟ್ಟಿಗೇಳುತ್ತಿದ್ದರು, ಪೇಢೆ ತಂದರೆ ವಾಚ್‌ಮನ್‌ಗೆ ಕೊಟ್ಟುಬಿಡುತ್ತಿದ್ದರು.

ಇಷ್ಟೆಲ್ಲ ಯಾಕೆ ತಲೆ ಕೆಡಿಸಿಕೊಳ್ಳುತ್ತೀರಿ ಎಂದು ಒಮ್ಮೆ ಕೇಳಿದೆ. ಪೆನ್ಸಿಲು ಕೆಳಗಿಟ್ಟರು.

"ಇಂಥಾ ಕರಾರು ನಾನ ಬರದೀನಪಾ, ಮೂವತ್ತು ವರ್ಷ. ಸಣ್ಣ ಸಣ್ಣ ಕಾಂಟ್ರಾಕ್ಟರು ಬಂದು ಬಾಗಲದಾಗ ನಿಂದರತಿದ್ರು. ಸಾಹೇಬ್, ಕಾಮ್ ಝಾಲಂ, ಸಹೀ ದ್ಯಾ ಅಂತ. ಕೆಲಸ ಮುಗದದ, ಸಹಿ ಮಾಡ್ರಿ ಅಂತ. ನಿಯಮ ತೋರಿಸಿ ಕಳಸತಿದ್ದೆ. ಲಂಚ ತಿಂದಿಲ್ಲ ನಾ, ಅದೊಂದು ಸೊಕ್ಕು ಇತ್ತು. ಒಬ್ಬಾಂವ ಒಂದೂವರಿ ವರ್ಷ ಅಡ್ಡಾಡಿದ. ಆಮ್ಯಾಲ ಬರೂದು ಬಿಟ್ಟ. ಏನಾದ ಅಂತ ನಾ ಕೇಳಲೇ ಇಲ್ಲ." ಅಷ್ಟು ಹೇಳಿ ನನ್ನ ಕಾಗದದಲ್ಲಿ ಮತ್ತೆ ಪೆನ್ಸಿಲು ಇಟ್ಟರು.

ಇಂಥವರು ಕೆಳಗಿನ ಮನೆಯಲ್ಲೇ ಇದ್ದೂ ನಾನು ಮಾಡಿಕೊಂಡ ಪೆದ್ದತನ ಕೇಳಿ. ಠಾಣೆ ಪಟ್ಟಣದಲ್ಲಿ ಮೂರು ಹೋಟೆಲು ನಡೆಸುವ, ಉಡುಪಿ ಕಡೆಯ ಯಜಮಾನರೊಬ್ಬರು ನೆರೂಳದಲ್ಲಿ ನಮ್ಮ ಸಾಫ್ಟ್‌ವೇರ್ ನೋಡಿ ಮೆಚ್ಚಿದರು. ಆಯುಧಪೂಜೆಯ ದಿನವೇ ಕರಾರು ಎಂದರು. ಹೋದರೆ ಕ್ಯಾಶ್ ಕೌಂಟರ್ ಮೇಲೆ ಕಂಪ್ಯೂಟರಿಗೆ ಹೂವಿನ ಮಾಲೆ. ದೇವರ ಮುಂದೆ ಹರಿವಾಣದಲ್ಲಿ ಕರಾರುಪತ್ರ, ಮೇಲೆ ಕುಂಕುಮ. ಭಟ್ಟರು ಮಂಗಳಾರತಿ ಹಿಡಿದು ಕಾಯುತ್ತಿದ್ದಾರೆ, ಕೆಲಸದವರೆಲ್ಲ ಕೈಮುಗಿದು ನಿಂತಿದ್ದಾರೆ. ನಾನು ಒಂದು ಪುಟ ತಿರುವಿದೆ, ಅಷ್ಟೇ.

"ಎಂತ ಓದ್ಲಿಕ್ಕೆ ಉಂಟು ಮಾರಾಯ್ರೆ ಅದ್ರಲ್ಲಿ? ನಾವು ನಾವೇ ಅಲ್ವಾ?"

ದೇವರ ಮುಂದಿಟ್ಟ ಕಾಗದವನ್ನು ಓದುತ್ತ ನಿಂತರೆ ಅನುಮಾನಪಟ್ಟ ಹಾಗಲ್ಲವೇ? ಸಹಿ ಹಾಕಿದೆ. ಆರತಿ ತೆಗೆದುಕೊಂಡೆ. ಊಟ ಚೆನ್ನಾಗಿತ್ತು.

ಆರು ತಿಂಗಳ ಮೇಲೆ ಬೇಲಾಪುರದ ದೊಡ್ಡ ಕ್ಯಾಂಟೀನಿನವರು ಅದೇ ಸಾಫ್ಟ್‌ವೇರ್ ಕೇಳಿದರು. ಸುದ್ದಿ ತಿಳಿದ ಯಜಮಾನರ ಮಗ ಇಮೇಲ್ ಕಳಿಸಿದ. ಕರಾರಿನ ಕೊನೆಯ ಪುಟದ ಪ್ರಕಾರ ನಾವು ಪೂರೈಸಿದ ಸಾಫ್ಟ್‌ವೇರ್ ಎಲ್ಲವೂ ಅವರ ಸ್ವತ್ತು, ಬೇರೆಯವರಿಗೆ ಮಾರಿದರೆ ಕೋರ್ಟು. ನಾಲ್ಕು ವರ್ಷದ ದುಡಿಮೆ ಒಂದು ಸಾಲಿನಲ್ಲಿ ಕೈತಪ್ಪಿತ್ತು. ಕ್ಯಾಂಟೀನಿನವರು ಒಂದು ವಾರವಷ್ಟೇ ಕಾಯುತ್ತೇವೆ ಎಂದರು.

ಮುಖ ಕೆಳಗೆ ಹಾಕಿಕೊಂಡು ಕಾಕಾನ ಮನೆಗೆ ಹೋದೆ. ಓದಿದರು, ಕನ್ನಡಕ ತೆಗೆದರು.

"ದೇವರ ಮುಂದ ಸಹಿ ಮಾಡಿದಿ. ಆ ದೇವರರೆ ಓದಿದ್ದನೇನು?"

ನಾನು ಅತ್ತೇಬಿಟ್ಟೆ, ಹೇಳಿಕೊಳ್ಳಲು ನಾಚಿಕೆಯೇನಿಲ್ಲ. "ಅಳಬ್ಯಾಡೋ. ಫೋನ್ ಹಚ್ಚು ಅವರಿಗೆ" ಎಂದರು. ಯಜಮಾನರು, "ಶುಕ್ರವಾರ ಹನ್ನೊಂದಕ್ಕೆ ಬನ್ನಿ. ಶನಿವಾರ ನಾನು ಊರಿಗೆ ಹೋಗ್ತೇನೆ, ತಿಂಗಳು ಬರುದಿಲ್ಲ" ಎಂದರು. ಕಾಕಾ ಗೋಡೆಯ ಕ್ಯಾಲೆಂಡರ್ ನೋಡಿದರು. "ಆತು, ಶುಕ್ರವಾರ" ಎಂದರು.

ಎಲ್ಲ ಸ್ಟೇಷನ್ನಿನಲ್ಲೂ ನಿಲ್ಲುವ ಸ್ಲೋ ಲೋಕಲ್ ರೈಲಿನಲ್ಲಿ ಹೋದೆವು. ಹೋಟೆಲಿನಲ್ಲಿ ಯಜಮಾನರ ಮಗ ಕೂತವನೇ, "ಅಂಕಲ್, ಸೈನ್ ತೋ ಕಿಯಾ ಹೈ ನಾ ಇನ್ಹೋನೆ?" ಎಂದು, ಸಹಿ ಹಾಕಿದ್ದು ಇವರೇ ತಾನೇ ಎಂಬಂತೆ ನನ್ನತ್ತ ಕೈ ತೋರಿಸಿದ. ಕಾಕಾ ಅವನ ತಂದೆಯ ಕಡೆ ತಿರುಗಿದರು.

"ಯಜಮಾನ್ರ, ಈ ಮಾಲು ನೀವು ಮೊದಲು ನೋಡಿದ್ದೆಲ್ಲಿ?"

"ನೆರೂಳದಲ್ಲಿ."

"ಅಂದ್ರ ನಿಮ್ಮ ಕಾಗದಕ್ಕಿಂತ ಮೊದಲ ಇತ್ತಲ್ಲ? ನಿಮಗಂತ ಹೊಸದಾಗಿ ಮಾಡಿದ್ದು ಯಾವುದು, ಇವನ ಹತ್ರ ಇದ್ದದ್ದು ಯಾವುದು, ಎರಡು ಪಟ್ಟಿ ಮಾಡೂಣು. ಜಗಳ ಆಮ್ಯಾಲ ಮಾಡೂಣಂತ."

ಯಜಮಾನರು ನಕ್ಕುಬಿಟ್ಟರು. ಆದರೂ ಪಟ್ಟಿ ಮುಗಿಯಲು ನಾಲ್ಕು ಗಂಟೆ ಹಿಡಿಯಿತು. ಮಧ್ಯೆ ಊಟದ ಗಿರಾಕಿಗಳು, ಫೋನುಗಳು. ಮಗ ಕೊನೆಗೊಂದು ಷರತ್ತು ಹಾಕಿದ: ನಮಗೆ ಬರಬೇಕಿದ್ದ ಕೊನೆಯ ಕಂತು ಬಿಡಬೇಕು. ಕಾಕಾ ನನ್ನ ಮುಖ ನೋಡಿದರು. ತಲೆಯಾಡಿಸಿದೆ. ಅವರು ಕೈಯಾರೆ ಒಂದು ಪುಟ ಬರೆದರು. ಮೊದಲಿದ್ದದ್ದು ನಮ್ಮದೇ, ಯಾರಿಗೆ ಬೇಕಾದರೂ ಮಾರಬಹುದು ಎಂದು. ಯಜಮಾನರು ಸಹಿ ಮಾಡಿದರು, ಕಾಕಾ ಸಾಕ್ಷಿ ಹಾಕಿದರು.

ವಾಪಸು ಗಾಡಿಯಲ್ಲಿ ಕಾಕಾ ಕಿಟಕಿಯ ಸರಳಿಗೆ ಹಣೆ ಇಟ್ಟಿದ್ದರು. ಮುಖ ಬೂದಿಯ ಬಣ್ಣಕ್ಕೆ ತಿರುಗಿತ್ತು, ಕಾಲು ಚಪ್ಪಲಿ ಮೀರಿ ಊದಿತ್ತು. ನಾನು ನೋಡಿದೆ, ಬಿಸಿಲಿರಬೇಕು ಎಂದುಕೊಂಡೆ. ಮುಂಬ್ರಾ ದಾಟುವವರೆಗೂ ಕೊನೆಯ ಕಂತು ಹೋಯಿತೆಂದು ಗೊಣಗುತ್ತಲೇ ಇದ್ದೆ.

"ರೊಕ್ಕ ಹೋತು. ಕೆಲಸ ನಿಂದ ಉಳೀತಲ್ಲೋ" ಎಂದು ಕಣ್ಣು ಮುಚ್ಚಿದರು. ದಿವಾ ಸ್ಟೇಷನ್ನಿನಲ್ಲಿ ಹತ್ತಿದ ಜನ ಮೈಮೇಲೆ ಬಿದ್ದಾಗಲೂ ತೆರೆಯಲಿಲ್ಲ.

ನಾಲ್ಕು ತಿಂಗಳಿಗೆ ಕಾಕಾ ತೀರಿಕೊಂಡರು. ಎರಡು ವರ್ಷದಿಂದ ಮೂತ್ರಪಿಂಡದ ತೊಂದರೆ ಇತ್ತು. ವಾರಕ್ಕೆರಡು ಸಲ ಕಲ್ಯಾಣದ ಆಸ್ಪತ್ರೆಯಲ್ಲಿ ಡಯಾಲಿಸಿಸ್ ಎಂದು ಇಡೀ ಬಿಲ್ಡಿಂಗಿಗೆ ಗೊತ್ತಿತ್ತು. ಯಾವ ಯಾವ ದಿನ ಎಂದು ನಾನು ಕೇಳಿರಲಿಲ್ಲ. ಹದಿಮೂರು ದಿನ ಕಳೆದ ಮೇಲೆ ಕಾಕು ಕರೆದು, ಇನ್ಶೂರೆನ್ಸಿನವರು ಆಸ್ಪತ್ರೆಯ ಕಾಗದ ಕೇಳಿದ್ದಾರೆ, ತಾರೀಖಿನ ಪ್ರಕಾರ ಜೋಡಿಸಿಕೊಡು ಎಂದರು. ನೆಲದ ಮೇಲೆ ಹರವಿಕೊಂಡು ಕೂತೆ. ಮಂಗಳವಾರ, ಶುಕ್ರವಾರ, ಮಂಗಳವಾರ, ಶುಕ್ರವಾರ. ಒಂದು ಕಡೆ ಶುಕ್ರವಾರದ್ದು ಇರಲಿಲ್ಲ, ಶನಿವಾರದ್ದಿತ್ತು.

"ಕಾಕು, ಇದೊಂದು ಶುಕ್ರವಾರದ್ದು ಎಲ್ಲಿ?"

"ಅವತ್ತ ಹೋಗಿದ್ದಿಲ್ಲೋ. ನಿನ್ನ ಜೋಡಿ ಠಾಣಾಕ್ಕ ಬಂದಿದ್ರಲ್ಲ" ಎಂದರು ಕಾಕು, ಸೊಪ್ಪು ಸೋಸುತ್ತ. ಆಪಾದನೆಯ ದನಿಯೇನೂ ಇರಲಿಲ್ಲ. "ರಾತ್ರಿ ಉಸರ ಹಿಡದು ಭಾಳ ತ್ರಾಸ ಆತು."

"ನನಗ್ಯಾಕ ಹೇಳಲಿಲ್ಲ ಕಾಕು?"

"ಅವ್ರ ಹೇಳಬ್ಯಾಡ ಅಂದಿದ್ರು. ಹೇಳಿದ್ರ ಅಂವ ಬ್ಯಾಡ ಅಂತಾನ, ಆ ಯಜಮಾನ ಊರಿಗೆ ಹೋಗಿಬಿಡ್ತಾನ ಅಂದ್ರು."

ಬೇಡ ಎನ್ನುತ್ತೇನೆ ಎಂದು ನನ್ನ ಮೇಲೆ ಅವರಿಗೆ ಅಷ್ಟು ಭರವಸೆ ಇತ್ತು. ಆ ವಾರ ನಾನು ಹೇಗಿದ್ದೆ ಎಂಬುದು ನನಗೆ ಗೊತ್ತು. ಹೇಳಿದ್ದರೂ, ಕಾಕಾ, ಡಯಾಲಿಸಿಸ್ ನಾಳೆ ಮಾಡಿಸಿಕೊಂಡರೆ ನಡೆಯುವುದಿಲ್ಲವೇ ಎಂದು ನಾನೇ ಕೇಳಿರುತ್ತಿದ್ದೆ.