ಗೋಡೆಗೆ ಕಿವಿಯಿಟ್ಟ ಅಜ್ಜಿ

ಹಳೆಯ ಖಣಿ ಕೆಲಸಗಾರರಿಗೆಂದು ಎಂಜಿನಿಯರ್ ಆದ ನಾನು ಕಟ್ಟಿಸಿದ ಹೊಸ ಮನೆಗಳಲ್ಲೊಂದರ ಕೀಲಿಕೈ ಪಡೆದ ಚಂದಮ್ಮಜ್ಜಿ ಬಾಗಿಲು ತೆರೆಯಲಿಲ್ಲ. ಗೋಡೆಗೆ ಕಿವಿಯಿಟ್ಟು ಬೆರಳಿನಿಂದ ತಟ್ಟತೊಡಗಿದರು. ಕಮಠಾಣದ ಬಳಿ ಈಗ ಮುಚ್ಚಿಹೋಗಿರುವ ಕೆಂಪುಕಲ್ಲಿನ ಖಣಿಯಲ್ಲಿ ಕಲ್ಲು ತಟ್ಟಿ ಗಟ್ಟಿಯಾದದ್ದನ್ನು ಆರಿಸಿಕೊಡುತ್ತಿದ್ದವರು ಅವರು.

“ಸಾಹೇಬ್ರ, ಇಲ್ಲಿ ಪೊಳ್ಳ ಅದ ನೋಡ್ರಿ.”

“ಬಣ್ಣ ಹಚ್ಚೀವಿ ಅಜ್ಜಿ, ಚಂದ ಅದ,” ಎಂದೆ.

“ಕಣ್ಣಿಗಿ ಚಂದನೇ ಅದರಿ. ನಾ ಕಿವಿ ಹಚ್ಚೀನಿ.”

ಮೇಸ್ತ್ರಿ ಅಲ್ಲಿ ಕೆರೆದ. ಗೋಡೆಗೆ ಮೆತ್ತಿದ ಸಿಮೆಂಟಿನ ಗಿಲಾವು ಹಾಳೆಯಂತೆ ಕಳಚಿಬಿತ್ತು. ಅಷ್ಟರಲ್ಲಿ ಹಳೆಯ ಖಣಿಯ ಹೆಂಗಸರೆಲ್ಲ ತಂತಮ್ಮ ಹೊಸ ಮನೆ ತಟ್ಟುತ್ತ ನಿಂತಿದ್ದರು. ಓಣಿ ತುಂಬ ಟಕ್ ಟಕ್.

ಗಿಲಾವು ಮತ್ತೆ ಹಾಕಿಸಿದ ಮೇಲೆ ಅಜ್ಜಿ ಇನ್ನೊಮ್ಮೆ ತಟ್ಟಿ, ಒಳಗೆ ಕರೆದು ಚಹಾ ಕೊಟ್ಟರು. ನಾನೂ ಅವರನ್ನು ಬೀದರಿನ ನಮ್ಮ ಮನೆಗೆ ಊಟಕ್ಕೆ ಕರೆಯಬೇಕು. ಅದನ್ನೂ ನಾನೇ ಕಟ್ಟಿಸಿದ್ದು, ಧೈರ್ಯ ಸಾಲುತ್ತಿಲ್ಲ.