ಹೊರಗುಳಿದ ಗಂಟು

ನಿಂಗೇಗೌಡ ಹೊಡೆಯಲಿಲ್ಲ. ಹೊಡೆದ ಎಂದು ಸಾಕ್ಷಿ ಹೇಳಿದವನು ನಾನು — ಸುಳ್ಳೆಂದು ತಿಳಿದೇ ಹೇಳಿದೆ. ಇದಿಷ್ಟನ್ನು ಬರೆಯಲು ನನಗೆ ಮೂವತ್ತು ವರ್ಷ ಬೇಕಾಯಿತು. ಅವನು ತೀರಿಕೊಂಡ ಸುದ್ದಿ ಹೋದ ವಾರ ಅರಕಲಗೂಡಿನಿಂದ ಬಂತು. ಇನ್ನು ಬರೆದರೆಷ್ಟು, ಬಿಟ್ಟರೆಷ್ಟು... ಆದರೂ ಬರೆಯುತ್ತೇನೆ.

ಎರಡನೇ ಮಹಾಯುದ್ಧ ಶುರುವಾಗುವುದಕ್ಕೆ ಮುಂಚಿನ ಮಾತು. ಹಾಸನದಲ್ಲಿ ತಾಲ್ಲೂಕು ಕ್ಲಬ್ಬುಗಳ ಫುಟ್‌ಬಾಲ್ ಪಂದ್ಯಾವಳಿ. ಒಂದು ಆಟ ಸೋತರೆ ಊರಿಗೆ ಹೊರಡಬೇಕು. ನಾನು ಚನ್ನರಾಯಪಟ್ಟಣದ ಕ್ಯಾಪ್ಟನ್ — ಕೊಬ್ಬರಿ ಮಂಡಿಯವರ ಮಗ, ಮರ್ಯಾದಸ್ಥರ ಮನೆ, ಜಂಬಕ್ಕೇನು ಕಡಿಮೆ! ಸೆಮಿಫೈನಲ್‌ನಲ್ಲಿ ನಮಗೆದುರು ಅರಕಲಗೂಡು. ಅವರ ಬ್ಯಾಕ್ ಆಟಗಾರ ನಿಂಗೇಗೌಡ, ಬರಿಗಾಲಲ್ಲೇ ಆಡುವ ರೈತರ ಮನೆಯವನು. ಎರಡೂ ತಂಡಕ್ಕೆ ಒಂದೇ ಛತ್ರದಲ್ಲಿ ಬಿಡಾರ. ಬೆಳಿಗ್ಗೆ ಉಪ್ಪಿಟ್ಟು ತಿನ್ನುವಾಗ ನನ್ನ ಪಕ್ಕ ಬಂದು ಕೂತ.

"ಶಿವಣ್ಣೋರೇ, ಮೈಸೂರಿಂದ ಗಿರಣಿಯೋರು ಬಂದವ್ರಂತೆ. ಇವತ್ತು ಸಂದಾಗಾಡುದ್ರೆ ಅವ್ರ ಟೀಮಿಗ್ ಸೇರುಸ್ಕಂಡು ಕೆಲ್ಸಾನೂ ಕೊಡ್ತಾರಂತೆ."

"ಅಂಗಾರೆ ನಮ್ಗೆ ಮಣ್ಣು ಮುಕ್ಕುಸ್ತೀಯ ಅನ್ನು" ಎಂದು ನಕ್ಕಿದ್ದೆ. ಅವನೂ ನಕ್ಕಿದ್ದ.

ಆಗಿನ ಚೆಂಡಿಗೆ ಒಂದು ಬಾಯಿ ಇರುತ್ತಿತ್ತು. ಒಳಗಿನ ಬ್ಲಾಡರಿಗೆ ಗಾಳಿ ತುಂಬಿ, ಬಾಯನ್ನು ಚರ್ಮದ ದಾರದಿಂದ ಬಿಗಿದು, ಗಂಟನ್ನು ಒಳಕ್ಕೆ ತುರುಕಬೇಕು. ಇಲ್ಲದಿದ್ದರೆ ತಲೆ ಕೊಟ್ಟವನ ಹಣೆ ಹರಿಯುತ್ತದೆ. ಆ ದಿನದ ಚೆಂಡು ನಮ್ಮದು. ಕಟ್ಟಿದವನು ನಾನು. ಹರಟುತ್ತಾ ಕಟ್ಟಿದೆ, ಗಂಟು ಹೊರಗೇ ಉಳಿಯಿತು.

ಆಟ ಮುಗಿಯುತ್ತ ಬಂದರೂ ಯಾರಿಗೂ ಗೋಲು ಸಿಕ್ಕಿರಲಿಲ್ಲ. ಅವರ ಗೋಲಿನ ಮುಂದೆ ನಮ್ಮ ರುದ್ರಪ್ಪನೂ ನಿಂಗೇಗೌಡನೂ ಒಟ್ಟಿಗೆ ಎಗರಿದರು. ರುದ್ರಪ್ಪ ಚೆಂಡಿಗೆ ತಲೆ ಕೊಟ್ಟ, ಕಿರುಚಿ ಬಿದ್ದ. ಹುಬ್ಬು ಸೀಳಿ ಕಣ್ಣಿನ ತುಂಬ ರಕ್ತ. ನಾನು ಎರಡು ಮಾರು ದೂರದಲ್ಲಿದ್ದೆ. ಗೌಡನ ಕೈ ಅವನಿಗೆ ತಾಕಲೇ ಇಲ್ಲ. ಚೆಂಡು ನನ್ನ ಕಾಲ ಬಳಿಗೆ ಉರುಳಿತು — ದಾರದ ಗಂಟಿಗೆ ರಕ್ತ ಮೆತ್ತಿತ್ತು. ಎಲ್ಲರೂ ರುದ್ರಪ್ಪನ ಸುತ್ತ ಸೇರಿದ್ದಾಗ ನಾನು... ನಾನು ಬಗ್ಗಿ, ಹೆಬ್ಬೆರಳಿನಿಂದ ಗಂಟನ್ನು ಒಳಕ್ಕೆ ತಳ್ಳಿದೆ. ಬೆರಳನ್ನು ಚಡ್ಡಿಗೆ ಒರೆಸಿಕೊಂಡೆ.

ನಮ್ಮವರು "ಮೊಣಕೈಲಿ ಗುದ್ದುದ!" ಎಂದು ಕೂಗತೊಡಗಿದರು. ರೆಫರಿ ಒಬ್ಬ ಡ್ರಿಲ್ ಮೇಷ್ಟ್ರು. ಅವರು ಸರಿಯಾಗಿ ನೋಡಿರಲಿಲ್ಲ, ಅನುಮಾನಿಸುತ್ತಾ ನಿಂತರು. ಆಗ ನಿಂಗೇಗೌಡನೇ ನನ್ನತ್ತ ಕೈ ತೋರಿಸಿದ.

"ಶಿವಣ್ಣೋರ್ನ ಕೇಳಿ ಸಾ. ಪಕ್ಕದಲ್ಲೇ ಇದ್ರು. ಅವ್ರು ಸುಳ್ಳೇಳಾಕಿಲ್ಲ."

ಮೇಷ್ಟ್ರು ನನ್ನ ಕಡೆ ತಿರುಗಿದರು.

"ಹೊಡ್ದ ಸಾ. ನಾನೇ ನೋಡ್ದೆ" ಎಂದೆ.

ಯಾಕೆ? ಚೆಂಡು ಕಟ್ಟಲೂ ಬಾರದವನು ಎನ್ನಿಸಿಕೊಳ್ಳಬೇಕಲ್ಲ ಎಂಬ — ಅಲ್ಲ, ಗೆಲ್ಲುವ ಆಸೆ. ಥೂ, ಎರಡೂ ಇತ್ತು. ಗೌಡನನ್ನು ಮೈದಾನದಿಂದ ಹೊರಗೆ ಕಳಿಸಿದರು. ನನ್ನ ಮುಖವನ್ನೇ ನೋಡುತ್ತಾ ಹೋದ. ನಮಗೆ ಸಿಕ್ಕ ಪೆನಾಲ್ಟಿಯನ್ನು ಗೋಲಿಗೆ ಹೊಡೆದವನೂ ನಾನೇ. ಗಿರಣಿಯವರು, ಇಂಥ ಪುಂಡ ನಮಗೆ ಬೇಡ ಎಂದು ಬೇರೆ ಇಬ್ಬರನ್ನು ಆರಿಸಿಕೊಂಡು ಹೋದರು. ಫೈನಲ್‌ನಲ್ಲಿ ಹೊಳೆನರಸೀಪುರದವರು ನಮ್ಮನ್ನು ಹಣ್ಣುಗಾಯಿ ನೀರುಗಾಯಿ ಮಾಡಿದರು. ರುದ್ರಪ್ಪನ ಒಂದು ಕಣ್ಣು ಬರಬರುತ್ತ ಮಂಜಾಗಿ, ಕೊನೆಗೆ ಏನೂ ಕಾಣದಂತಾಯಿತು.

ಹತ್ತು ವರ್ಷದ ಮೇಲೆ ನಿಂಗೇಗೌಡ ಚನ್ನರಾಯಪಟ್ಟಣದ ನಮ್ಮ ಮಂಡಿಯ ಮುಂದೆಯೇ ಸಿಕ್ಕಿದ. ಯಾರದೋ ಲಾರಿಗೆ ಕಾಯಿ ಮೂಟೆ ಹೊರುತ್ತಿದ್ದ. ನನ್ನನ್ನು ಕಂಡು, ಮೂಟೆ ಇಳಿಸಿ ಹತ್ತಿರ ಬಂದ. ಕಳ್ಳನ ಮನಸ್ಸು ಹುಳ್ಳುಳ್ಳಗೆ — ಈಗ ಕೊರಳಪಟ್ಟಿಗೆ ಕೈ ಹಾಕುತ್ತಾನೆ ಎಂದುಕೊಂಡೆ. ಹಾಕಿದ್ದರೆ ಎಷ್ಟು ಚೆನ್ನಾಗಿತ್ತು!

"ಶಿವಣ್ಣೋರೇ, ಆವತ್ತು ನಾನ್ ಒಡೀಲಿಲ್ಲ ಅಂತ್ಲೇ ಅನ್ಕಂಡಿದ್ದೆ. ಆದ್ರೆ ನೀವೇ ನೋಡ್ದೆ ಅಂದ್ರಲ್ಲ... ನೀವ್ಯಾಕ್ ಸುಳ್ಳೇಳೀರಿ? ಎಗುರ್ದಾಗ ಗೊತ್ತಾಗ್ದಂಗೆ ಒಡ್ದುಬುಟ್ಟಿದ್ನೇನೋ. ರುದ್ರಪ್ಪೋರ ಕಣ್ಣು ಓಯ್ತಂತಲ್ಲ, ಅದ್ ನೆನುಸ್ಕಂಡ್ರೆ ಅನ್ನ ಸೇರಾಕಿಲ್ಲ. ತೆಪ್ಪಾಯ್ತು ಅಂತ ಅವ್ರಿಗೇಳಿ. ನೀವೂ ಮನ್ಸಲ್ಲಿ ಮಡಿಕಬ್ಯಾಡಿ."

ಆಗಲೇ ಹೇಳಬಹುದಿತ್ತು. ಸುತ್ತ ಮಂಡಿಯ ಜನ, ಪಕ್ಕದಲ್ಲಿ ನನ್ನ ಗುಮಾಸ್ತ. ನಾನು ಗೌಡನ ಬೆನ್ನು ತಟ್ಟಿ, "ಇರ್ಲಿ ಬುಡು ಗೌಡ, ಆಗಿದ್ದಾಯ್ತು" ಎಂದೆ. ಕ್ಷಮಿಸಿದೆ! ನಾನು — ಅವನನ್ನು!

ಅವನ ಮುಖ ಅರಳಿತು. ಎರಡೂ ಕೈ ಜೋಡಿಸಿ ನನಗೆ ಮುಗಿದು, ಮೂಟೆ ಎತ್ತಲು ಹೋದ.