ಅತ್ತಿ ಮರಕ್ಕೆ ಎರೆದ ಹಾಲು

ಮೊನ್ನೆ ಮೊಮ್ಮಗಳು ಪೇಟೆಯಿಂದ ಒಂದು ಪೊಟ್ಟಣ ದುಂಡುಮಲ್ಲಿಗೆ ತಂದು ನನ್ನ ಮಡಿಲಿಗೆ ಸುರಿದು, "ದೇವರಿಗೆ ಕಟ್ಟಿಕೊಡಜ್ಜಿ" ಎಂದಳು. ನಾಲ್ಕು ಹೂ ಪೋಣಿಸುವಷ್ಟರಲ್ಲಿ ಕೈ ನಿಂತಿತು. ಮಲ್ಲಿಗೆಯ ವಾಸನೆ ಎಂದರೆ ಎಲ್ಲರಿಗೂ ಮದುವೆ ಮನೆ ನೆನಪಾಗಬಹುದು. ನನಗೆ ನೆನಪಾಗುವುದು ಹೊನ್ನಾಳಿಯ ನಮ್ಮ ಕೇರಿಯ ಸೂಲಗಿತ್ತಿ ಅಜ್ಜಿ...

ಎತ್ತರದ, ಒಣಕಲು ಹೆಂಗಸು. ಸೊಂಟದ ಚೀಲದಲ್ಲಿ ಸದಾ ಏನಾದರೂ ಬೇರು, ತೊಗಟೆ. ಯಾವ ಗಿಡದ ಎಲೆಯನ್ನೂ ಆಕೆ ಸುಮ್ಮನೆ ಕೀಳುತ್ತಿರಲಿಲ್ಲ. ಮೊದಲು ಗಿಡವನ್ನು ಮುಟ್ಟಿ ಕಣ್ಣಿಗೊತ್ತಿಕೊಂಡು, "ಒಂದು ಜೀವಕ್ಕೆ ಬೇಕಾಗೈತೆ ತಾಯಿ, ಸಿಟ್ಟಾಗಬ್ಯಾಡ" ಅನ್ನುತ್ತಿದ್ದಳು. ಹೊತ್ತು ಮುಳುಗಿದ ಮೇಲೆ ಎಷ್ಟೇ ಬೇಡಿಕೊಂಡರೂ ಎಲೆ ಮುಟ್ಟುತ್ತಿರಲಿಲ್ಲ. ಆಗ ಅವೂ ಮಲಗಿರುತ್ತವಂತೆ. ಚಿಕ್ಕಂದಿನಲ್ಲಿ ನಾವು ಹುಡುಗಿಯರು ಆಕೆಯ ಹಿಂದೆ ನಿಂತು ನಗುತ್ತಿದ್ದೆವು.

ನನ್ನನ್ನು ಜಗಳೂರಿಗೆ ಕೊಟ್ಟಿದ್ದರು. ಮೊದಲ ಹೆರಿಗೆಗೆ ತವರಿಗೆ ಬಂದಾಗ ಯುದ್ಧದ ಕಾಲ. ಸೀಮೆಎಣ್ಣೆಗೆ ಪರದಾಟ, ಬಸ್ಸುಗಳು ಇದ್ದಿಲ ಹೊಗೆಯ ಮೇಲೆ ಓಡುತ್ತಿದ್ದವು. ಬೇಸಿಗೆಯಲ್ಲಿ ಹೆತ್ತೆ. ಹೆಣ್ಣು ಕೂಸು. ಒಂದು ಸಲ ಅತ್ತಿತು, ಅಷ್ಟೇ. ಅಪ್ಪ ಅದನ್ನು ಬಿಳಿ ಪಂಚೆಯ ತುಂಡಿನಲ್ಲಿ ಸುತ್ತಿಕೊಂಡು ಹೋದರು. ಎಲ್ಲಿ ಮಣ್ಣು ಮಾಡಿದರೆಂದು ನಾನು ಕೇಳಲಿಲ್ಲ, ಅವರೂ ಹೇಳಲಿಲ್ಲ.

ಆಮೇಲೆ ಹಾಲು ಬಂತು. ಕೂಸು ಹೋಗಿದ್ದು ಮೈಗೆ ಗೊತ್ತಾಗಿರಲಿಲ್ಲ. ಎದೆ ಕಲ್ಲಾಯಿತು, ಜ್ವರ ಏರಿತು. ನಾನು ಗೋಡೆಯ ಕಡೆ ಮುಖ ಮಾಡಿ ಮಲಗಿದವಳು ಮಾತಾಡಲಿಲ್ಲ, ಅಳಲೂ ಇಲ್ಲ. ಅವ್ವ ಬಾಯಿಗಿಟ್ಟ ಗಂಜಿ ಕಟವಾಯಿಯಿಂದ ಇಳಿದುಹೋಗುತ್ತಿತ್ತು. ನೋಡಲು ಬಂದ ಹೆಂಗಸರು ಗಾಳಿ ಹಿಡಿದಿದೆ ಎಂದರು. ಅವ್ವ ದೆವ್ವ ಬಿಡಿಸುವವನಿಗೆ ಹೇಳಿ ಕಳಿಸಲು ಹೊರಟಿದ್ದಳು. ಅಷ್ಟರಲ್ಲಿ ಅಜ್ಜಿ ಬಾಣಂತಿ ನೀರಿಗೆ ಹಾಕುವ ಲಕ್ಕಿ ಸೊಪ್ಪಿನ ಹೊರೆ ಹೊತ್ತು ಬಂದಳು. ನನ್ನ ಎದೆಯ ಮೇಲೆ ಅಂಗೈ ಇಟ್ಟು ನೋಡಿದಳು.

"ಇದು ಗಾಳಿ ಅಲ್ರಿ ಅವ್ವಾರೆ. ಬಂದ ಹಾಲಿಗೆ ಹೋಗಾಕೆ ದಾರಿ ಇಲ್ಲ. ಇವಳನ್ನ ಹೊಳಿ ದಂಡಿಗೆ ಕರಕೊಂಡು ಹೋಗಬೇಕು."

"ಹಸಿ ಬಾಣಂತಿ ಹೊಸ್ತಿಲು ದಾಟಿದ್ರೆ ಜನ ಏನಂತಾರೆ ಅಜ್ಜಿ?" ಅಂದಳು ಅವ್ವ.

"ಹೊಸ್ತಿಲೊಳಗೆ ಇಟ್ಟುಕೊಂಡು ಕಳಕೊಂತೀರಾ? ನಾನು ಕರಕೊಂಡು ಹೋಗಿ, ನಾನೇ ತಂದು ಬಿಡ್ತೀನಿ."

ಅವ್ವ ನನ್ನ ಮುಖ ನೋಡಿದಳು. ಆಮೇಲೆ ತಾನೇ ಎದ್ದು ಹಿತ್ತಲ ಬಾಗಿಲು ತೆಗೆದಳು.

ಅಜ್ಜಿ ನನ್ನನ್ನು ಲಕ್ಕಿ ನೀರಲ್ಲಿ ಮೀಯಿಸಿ, ತಲೆಗೆ ಕಂಬಳಿಯ ಕೊಪ್ಪೆ ಹಾಕಿ, ತೋಳು ಹಿಡಿದು ನಡೆಸಿಕೊಂಡು ಹೋದಳು. ಹೊಳೆ ಬೇಸಿಗೆಗೆ ಇಳಿದು ಬಂಡೆಗಳು ಎದ್ದಿದ್ದವು. ದಂಡೆಯ ಮೇಲೊಂದು ಅತ್ತಿ ಮರ. ಅದರ ಬೊಡ್ಡೆಗೆ ನನ್ನನ್ನು ಒರಗಿಸಿ ಕೂರಿಸಿ, ಕೈಗೊಂದು ತೆಂಗಿನ ಕರಟ ಕೊಟ್ಟಳು. ಹಾಲು ಹಿಂಡುವಾಗ ಜೀವ ಹೋದಂತಾಯಿತು. ಆಕೆ ನನ್ನ ಬೆನ್ನು ಸವರುತ್ತಲೇ ಇದ್ದಳು.

"ತುಳಿಯೋ ಜಾಗಕ್ಕೆ ಚೆಲ್ಲಬಾರದು ಮಗಳೆ. ಈ ತಾಯಿ ಬುಡಕ್ಕೆ ಎರಿ."

ಆಗ ನನ್ನ ಬಾಯಿಂದ ಮಾತು ಬಂತು. "ಮರ ಯಾಕಜ್ಜಿ ನನ್ನ ಹಾಲು ಕುಡೀತೈತೆ?"

ಅಜ್ಜಿ ಮರವನ್ನು ಮುಟ್ಟಿ ಕಣ್ಣಿಗೊತ್ತಿಕೊಂಡು ಒಂದು ಎಲೆಯ ತೊಟ್ಟು ಮುರಿದಳು. ಮುರಿದ ಕಡೆ ಬೆಳ್ಳನೆ ಹನಿ ಮೂಡಿ ನಿಂತಿತು.

"ಇದೂ ಹಾಲಿರೋ ತಾಯೇ. ಇದರ ಹೂ ಕಂಡೋರು ಯಾರೂ ಇಲ್ಲ. ಆದ್ರೂ ಮೈ ತುಂಬ ಮಕ್ಕಳು, ನೋಡು."

ತಲೆ ಎತ್ತಿ ನೋಡಿದೆ. ಕೊಂಬೆಯ ತುದಿಗಲ್ಲ, ಬೊಡ್ಡೆಗೇ, ನನ್ನ ಭುಜದ ಪಕ್ಕದಿಂದ ಹಿಡಿದು ಕಣ್ಣು ಹರಿಯುವಷ್ಟು ಮೇಲಿನವರೆಗೆ, ಕೆಂಪು ಹಸಿರು ಕಾಯಿಗಳು ಗೊಂಚಲು ಗೊಂಚಲಾಗಿ ಅಂಟಿಕೊಂಡಿದ್ದವು. ಗಿಳಿಗಳು ತಿನ್ನುತ್ತಿದ್ದವು. ಇರುವೆಗಳು ತಿನ್ನುತ್ತಿದ್ದವು. ಸುತ್ತಲಿನ ನೆಲವೆಲ್ಲ ಬಿಸಿಲಿಗೆ ಬಿರಿದಿದ್ದರೂ ಅದರ ಬುಡದ ಮಣ್ಣು ತಣ್ಣಗಿತ್ತು. ಕರಟ ಬಗ್ಗಿಸಿದೆ. ನೋಡನೋಡುತ್ತಲೇ ಆ ಮಣ್ಣು ಹಾಲನ್ನು ಒಳಗೆಳೆದುಕೊಂಡಿತು, ಚಪ್ಪರಿಸಿದ ಹಾಗೆ ಒಂದು ಸಣ್ಣ ಸದ್ದು ಕೂಡ ಕೇಳಿಸಿತು... ನನಗೆ ಹಾಗೆ ಅನ್ನಿಸಿತೋ ಏನೋ.

"ನೀನೊಬ್ಬಳೇ ಅಲ್ಲ," ಅಂದಳು ಅಜ್ಜಿ. "ಈ ಊರಿನ ಎಷ್ಟು ಮಂದಿ ಹಾಲು ಇಲ್ಲಿ ಐತೋ. ಸಂತೇಲಿ ನಿನ್ನ ಜೊತೆ ನಕ್ಕೊಂಡು ಮಾತಾಡೋರೂ ಇಲ್ಲಿಗೆ ಬಂದಾರೆ. ನಂದೂ ಐತೆ. ಎರಡು ಸಲ."

ಊರಿಗೆಲ್ಲ ಮಕ್ಕಳನ್ನು ಎತ್ತಿಕೊಟ್ಟ ಆಕೆಗೆ ಮಕ್ಕಳಿಲ್ಲವೆಂದು ಗೊತ್ತಿತ್ತು. ಹುಟ್ಟಿ ಹೋಗಿದ್ದವೆಂದು ಗೊತ್ತಿರಲಿಲ್ಲ. ಮರವನ್ನು ತಬ್ಬಿಕೊಂಡು ಅತ್ತೆ. ಆ ಬೊಡ್ಡೆ ನನ್ನ ಕೆನ್ನೆಗೆ ಒರಟಾಗಿಯೂ ಇತ್ತು, ತಂಪಾಗಿಯೂ ಇತ್ತು. ಅಷ್ಟೊಂದು ತಾಯಂದಿರನ್ನು ಒಳಗಿಟ್ಟುಕೊಂಡು ಸುಮ್ಮನೆ ನಿಂತಿರುವ ಅದರ ಮುಂದೆ ಯಾವ ಗುಡಿಯಲ್ಲೂ ಬಾರದ ಭಯಭಕ್ತಿ ಬಂತು. ಅಜ್ಜಿ ದೂರ ಕೂತು, ಹೊಳೆ ನೋಡುತ್ತ, ಸಾಕು ಎನ್ನದೆ ಕಾದಳು.

ಮನೆಗೆ ಬಂದ ಮೇಲೆ ಮಲ್ಲಿಗೆ ದಂಡೆಗಳನ್ನು ನನ್ನ ಎದೆಗಿಟ್ಟು ಬಟ್ಟೆಯಿಂದ ಬಿಗಿದು ಕಟ್ಟಿದಳು. ಹಾಲು ಬತ್ತಲು ಅದೇ ಮದ್ದು. ಹೂ ಬಾಡಿದ ಹಾಗೆ ಬಿಚ್ಚಿ ಹೊಸದು ಕಟ್ಟುತ್ತಿದ್ದಳು. ಜ್ವರ ಬಿಟ್ಟಿತು. ಎದೆ ಹಗುರಾಯಿತು. ಹಾಲು ಪೂರ್ತಿ ನಿಲ್ಲುವವರೆಗೆ ದಿನಾ ಬೆಳಗ್ಗೆ ಮರದ ಹತ್ತಿರ ಹೋಗಿ ಬರುತ್ತಿದ್ದೆವು. ಒಂದು ದಿನ ಅಲ್ಲಿಂದ ಬಂದವಳೇ ಅವ್ವನನ್ನು ರೊಟ್ಟಿ ಕೇಳಿದೆ. ಅವ್ವ ಒಲೆ ಮುಂದೆ ಕೂತು ಸೆರಗು ಬಾಯಿಗಿಟ್ಟುಕೊಂಡಳು.

ಆಮೇಲೆ ಜಗಳೂರಿಗೆ ಹೋದೆ. ಕೆಲವು ವರ್ಷದ ಮೇಲೆ ಮತ್ತೆ ಬಸಿರಾದಾಗ ನನಗೆ ಹೆದರಿಕೆ ಇರಲಿಲ್ಲ. ಈ ಸಲವೂ ಅದೇ ಅಜ್ಜಿಯ ಕೈ ಎಂಬ ಧೈರ್ಯ. ತವರಿಗೆ ಬಂದು ಆಕೆ ಎಲ್ಲಿ ಎಂದು ಕೇಳಿದರೆ, ನ್ಯಾಮತಿಗೆ ಹೋಗಿದ್ದಾಳೆ, ಬರುತ್ತಾಳೆ ಎಂದಳು ಅವ್ವ. ನೋವು ಎದ್ದಾಗ ಬಂದವಳು ಬೇರೆ ಸೂಲಗಿತ್ತಿ. ಗಂಡು ಕೂಸು ಗಟ್ಟಿಯಾಗಿ ಅತ್ತು, ಎದೆ ಕಚ್ಚಿ ಹಾಲು ಕುಡಿದು ಮಲಗಿತು. ಆಮೇಲೆ ಅವ್ವ ಬಾಯಿಬಿಟ್ಟಳು. ಅಜ್ಜಿ ಹಿಂದಿನ ಮಳೆಗಾಲದಲ್ಲೇ ಹೋಗಿಬಿಟ್ಟಿದ್ದಳು. ಬಸುರಿಗೆ ಸಾವಿನ ಸುದ್ದಿ ಹೇಳಬಾರದೆಂದು ಮುಚ್ಚಿಟ್ಟಿದ್ದರು.

ಆ ಕೂಸಿಗೇ ಈಗ ಎಪ್ಪತ್ತು ಹತ್ತಿರ ಬಂತು. ಅಂಗಳದ ಬಿಸಿಲಿಗೆ ಕೂತು ಮಂಡಿಗೆ ಎಣ್ಣೆ ತಿಕ್ಕಿಕೊಳ್ಳುತ್ತಿರುತ್ತಾನೆ. ಅವನನ್ನು ನೋಡಿದಾಗಲೆಲ್ಲ ಅನ್ನಿಸುತ್ತದೆ, ಒಂದೇ ಒಂದು ಸಲ ಇವನನ್ನು ಆಕೆಯ ಕೈಗೆ ಕೊಡಬೇಕಿತ್ತು...